ಗಾಳಿಕಿಂಡಿಯ ಭಂಡಾರ

"ಎಂಟು ಕೋರ್, ಮೂರು ಗಿಗಾಹರ್ಟ್ಜ್ ಅಂತ ಹೇಳಿ ಕೊಟ್ರಿ ಅಣ್ಣಾರ. ಸ್ವಲ್ಪ ಆಡೂದ್ರಾಗ ಎತ್ತಿನ ಚಕ್ಕಡಿ ಹಂಗ ನಿಧಾನ ಆಗತೈತಿ ನೋಡ್ರಿ," ಎಂದು ಮನೋಳಿಯ ಉಮಾಶ್ರೀ ಅಂಗೈ ಗೇಮಿಂಗ್ ಯಂತ್ರವನ್ನು ಕೌಂಟರ್ ಮೇಲಿಟ್ಟಳು.

ಕೋರ್, ನ್ಯಾನೋಮೀಟರ್ ಎಂದು ಬೆಳಿಗ್ಗೆಯಿಂದ ಗಿರಾಕಿಗಳಿಗೆ ಪುರಾಣ ಹೇಳಿ ಹೇಳಿ, ಸವದತ್ತಿಯ ಮೊಬೈಲ್ ಅಂಗಡಿಯ ಸಿದ್ಧಾರೂಢನ ಗಂಟಲು ಒಣಗಿತ್ತು.

"ಪ್ರೊಸೆಸರ್ ಖರೇನ ಜೋರ್ ಐತಿ ತಂಗಿ. ಆದ್ರ ಕಾದ್ರ ತಾನ ವೇಗ ಇಳಸತೈತಿ. ಅದಕ್ಕ ಒಳಗ ಫ್ಯಾನ್ ಇಟ್ಟಿರ್ತಾರ," ಎನ್ನುತ್ತ ಸ್ಕ್ರೂ ಬಿಚ್ಚಿದ.

ಗಾಳಿಕಿಂಡಿಯಿಂದ ಇಳಿದ ಅರಿಶಿನ ಫ್ಯಾನಿಗೆ ಮೆತ್ತಿಕೊಂಡಿತ್ತು. ಯಲ್ಲಮ್ಮನ ಭಂಡಾರ! ಮಾರಿದ ಯಾವ ಸಾಮಾನನ್ನೂ ಅದನ್ನು ಹಚ್ಚದೆ ಕೊಡಲು ಅವನ ತಾಯಿ ರಾಚವ್ವ ಬಿಡುತ್ತಿರಲಿಲ್ಲ. ಕಂಪನಿಯವರು ಡಬ್ಬಿಯ ಮೇಲೆ ಎಲ್ಲ ಬರೆದಿದ್ದರು, ಅವ್ವನ ವಿಷಯವೊಂದನ್ನು ಬಿಟ್ಟು.

ಉಸ್ಸೆಂದು ಬ್ರಶ್‌ನಿಂದ ಒರೆಸಿ, ಮುಚ್ಚಿ, ಆಟ ಶುರುಮಾಡಿ ತೋರಿಸಿದ. ಈ ಸಲ ಎಲ್ಲೂ ತಡೆಯದೆ ಓಡಿತು. ಉಮಾಶ್ರೀ ಕೈ ಚಾಚಿದಳು.

"ತಡಿಯೋ, ದುರಸ್ತಿ ಆಗೇತಿ, ಹಂಗ ಕೊಡ್ತಿಯೇನು?" ಎಂದು ಅಂಗಡಿಯ ಮೂಲೆಯಲ್ಲಿ ಕೂತಿದ್ದ ರಾಚವ್ವ ಭಂಡಾರದ ಬಟ್ಟಲು ಹಿಡಿದು ಎದ್ದಳು.

ಸಿದ್ಧಾರೂಢನಲ್ಲಿ ವಾದಿಸುವ ತ್ರಾಣ ಉಳಿದಿರಲಿಲ್ಲ. ಗಾಳಿಕಿಂಡಿಗಳನ್ನು ಎರಡೂ ಹೆಬ್ಬೆರಳುಗಳಿಂದ ಒತ್ತಿ ಮುಚ್ಚಿ, ಯಂತ್ರವನ್ನು ಅವ್ವನ ಮುಂದೆ ಹಿಡಿದ.

"ಹಚ್ಚವ್ವಾ."