ಗ್ಲೋಜ್ ಪದದ ಚೀಟಿ

ನಮ್ಮ ನಿಘಂಟು ಕಚೇರಿಯಲ್ಲಿ ಒಂದು ಪದ್ಧತಿ. ಇಂಗ್ಲಿಷ್ ಪದದ ಅರ್ಥವನ್ನು ಒಬ್ಬರು ಚೀಟಿಯಲ್ಲಿ ಬರೆದರೆ, ಇನ್ನೊಬ್ಬರು ಅದನ್ನು ಓದಿ, ತಪ್ಪಿದ್ದರೆ ಬರೆದವರ ಎದುರಿಗೇ ಹೇಳಬೇಕು. ಬರೆಯುವವರು ಮೇಷ್ಟ್ರು, ಓದುವವಳು ನಾನು. ಇಪ್ಪತ್ತು ವರ್ಷ ಹೀಗೇ ನಡೆಯಿತು. ತಪ್ಪು ಹುಡುಕಿ ಹುಡುಕಿ ನಾನು ಸೋತದ್ದೇ ಹೆಚ್ಚು. ಹೊಟ್ಟೆಕಿಚ್ಚಿನಿಂದಲೇ ಹೊಗಳುತ್ತಿದ್ದೆ, ಮೇಷ್ಟ್ರ ಮುಖ ಮೊರದಗಲ ಆಗುತ್ತಿತ್ತು.

ಎರಡು ವರ್ಷದ ಹಿಂದೆ ಅವರ ಹೆಂಡತಿ ತೀರಿಕೊಂಡರು. ಆಮೇಲೆ ಮರೆವು ಶುರುವಾಯಿತು. ಸಲಿಕೆ ಎನ್ನಬೇಕಾದಲ್ಲಿ ಕೊಡಲಿ ಎಂದು ಬರೆದರು. ಗುಬ್ಬಿ ಇರಬೇಕಾದ ಕಡೆ ಗೂಬೆ ಬಂದು ಕೂತಿತು. ನಾನು ಹೇಳಬೇಕಿತ್ತು. ಆದರೆ ಮನೆಯಲ್ಲಿ ಮಾತಾಡಿಸುವವರಿಲ್ಲದ ಮನುಷ್ಯನಿಗೆ ಈ ಮೇಜೂ ತಪ್ಪಿಹೋದರೆ ಗತಿಯೇನು? ಬಾಯಿ ಬರಲಿಲ್ಲ. ಭೇಷ್ ಎಂದು ಚೀಟಿ ಇಸಿದುಕೊಂಡು, ಅವರು ಮನೆಗೆ ಹೋದ ಮೇಲೆ ಬೇರೆ ಬರೆದು ಅಚ್ಚಿಗೆ ಹೋಗುವ ಚೀಟಿಗಳ ಡಬ್ಬಿಗೆ ಸೇರಿಸುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಜಂಬ ಬೇರೆ.

ಕಳೆದ ಸೋಮವಾರ ‘ಗ್ಲೋಜ್’ ಪದದ ಚೀಟಿ ಕೊಟ್ಟರು. ಈಗ ಯಾರೂ ಬಳಸದ ಹಳೆಯ ಪದ. ಮುಖಸ್ತುತಿ ಮಾಡು, ಬೆಣ್ಣೆ ಹಚ್ಚು ಎಂದು ಅರ್ಥ. ಮೇಷ್ಟ್ರು ಬರೆದಿದ್ದದ್ದು ‘ಗದರಿಸು’ ಎಂದು. ಕೆಳಗೆ ಬಳಕೆಗೊಂದು ವಾಕ್ಯ: ‘ಯಜಮಾನ ಆಳನ್ನು ಗದರಿಸಿದ.’

“ಭೇಷ್ ಮೇಷ್ಟ್ರೇ! ಇದಕ್ಕಿಂತ ಸರಿಯಾದ ಮಾತು ಸಿಗಲ್ಲ” ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅದಕ್ಕೆ ಹೊಗಳೋದು ಅಂತ ಅರ್ಥ, ತಾಯಿ. ನಂಗೊತ್ತು. ಬೇಕಂತಲೇ ತಪ್ಪು ಬರ್ದೆ. ಮೊನ್ನೆ ಅಚ್ಚಾಗಿ ಬಂದ ಹಾಳೆ ನೋಡ್ದೆ. ಒಂದು ವಾಕ್ಯನೂ ನಂದು ಅನ್ನಿಸ್ಲಿಲ್ಲ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

“ಎಷ್ಟು ದಿನದಿಂದ ಹೀಗೆ?”

“ಎರಡು ವರ್ಷದಿಂದ.”

“ಅದಕ್ಕೆ ಮುಂಚೆ ಹೊಗಳ್ತಿದ್ದೆಯಲ್ಲ, ಅದು?”

“ಅದೆಲ್ಲ ನಿಜ ಮೇಷ್ಟ್ರೇ! ನನ್ನ ಮಕ್ಕಳ ಆಣೆ!”

ಬಡಬಡನೆ ಎದ್ದು ಹಳೆಯ ಡಬ್ಬಿಗಳನ್ನು ಎಳೆದೆ. ಹತ್ತು ವರ್ಷದ, ಹದಿನೈದು ವರ್ಷದ ಹಿಂದಿನ ಚೀಟಿಗಳನ್ನು ಕಿತ್ತು ಕಿತ್ತು ಅವರ ಮುಂದೆ ಹರಡಿದೆ. “ನೋಡಿ, ನಿಮ್ಮದೇ ಅಕ್ಷರ. ನಾನು ಒಂದು ಚುಕ್ಕೆನೂ ಮುಟ್ಟಿಲ್ಲ. ಇಂಥ ಕೆಲಸ ಇನ್ಯಾರಿಗೂ ಬರಲ್ಲ ಮೇಷ್ಟ್ರೇ, ನೋಡಿ.” ಹೇಳುತ್ತಾ ಹೇಳುತ್ತಾ ನನಗೆ ಅಳು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷದ ನಿಜವನ್ನು ನನ್ನ ಕೈಯಾರೆ ಹಾಳುಮಾಡಿದ್ದೆ.

ಅವರು ಒಂದು ಚೀಟಿಯನ್ನೂ ಎತ್ತಿಕೊಳ್ಳಲಿಲ್ಲ. ಹಟ ಹಿಡಿದ ಮಗುವನ್ನು ಸಮಾಧಾನ ಮಾಡುವವರ ಹಾಗೆ ನನ್ನ ತಲೆ ಸವರಿದರು.

“ಆಯ್ತಮ್ಮ, ನಂಬಿದೆ. ಅಳಬೇಡ” ಎಂದರು.