ಹತ್ತಲಾಗದ ಮೆಟ್ಟಿಲು

ಆಟ ಬಿಡುಗಡೆಯಾಗಿ ಮೂರು ದಿನವಾಗಿತ್ತು. ಅದರಲ್ಲಿ ತಪ್ಪೊಂದು ಉಳಿದಿದೆ ಎಂದು ದಾನೇಶ್ವರಿಗೆ ಮೊದಲು ತೋರಿಸಿಕೊಟ್ಟವಳು ಅವಳ ಅತ್ತೆ ಬಾಳವ್ವ.

ದಾನೇಶ್ವರಿ ಮಸಗುಪ್ಪಿಯಿಂದ ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿ ಕಂಪ್ಯೂಟರ್ ಕಲಿಸುತ್ತಿದ್ದಳು. ಮೂರು ವರ್ಷದ ಭಾನುವಾರಗಳನ್ನೆಲ್ಲ ಕೂಡಿಸಿ ‘ಮುಂಗುಸಿ’ ಎಂಬ ಆಟ ಮಾಡಿದ್ದಳು. ಹಾಳುಬಾವಿಗೆ ಬಿದ್ದ ಮುಂಗುಸಿಯೊಂದು ಕಲ್ಲಿಂದ ಕಲ್ಲಿಗೆ ಜಿಗಿಯುತ್ತ ಮೇಲೆ ಬರಬೇಕು, ಅಷ್ಟೇ. ಪುಣೆಯ ಕಂಪನಿಯೊಂದು ಅದನ್ನು ಕೈಯಲ್ಲಿ ಹಿಡಿದು ಆಡುವ ಸಣ್ಣ ಯಂತ್ರಕ್ಕೆ ತಂದಿತು. ಹಾಗೆ ಬಂದ ಮೊದಲ ಯಂತ್ರವನ್ನು ಅವಳು ಅತ್ತೆಯ ಕೈಗೆ ಕೊಟ್ಟಿದ್ದಳು.

“ಕಡೀ ಮೆಟ್ಟಲಾ ಹತ್ತವಲ್ದು ನೋಡವ್ವ,” ಎಂದಳು ಬಾಳವ್ವ. “ಬೆರಳ ನೋಯಾಕತ್ತಾವು.”

ದಾನೇಶ್ವರಿ ತಾನೇ ಆಡಿ ನೋಡಿದಳು. ಹತ್ತಲಿಲ್ಲ. ಅವಸರದಲ್ಲಿ ಆ ಒಂದು ಮೆಟ್ಟಿಲನ್ನು ಕೂದಲೆಳೆಯಷ್ಟು ಹೆಚ್ಚು ಎತ್ತರಕ್ಕೆ ಇಟ್ಟುಬಿಟ್ಟಿದ್ದಳು. ಕಂಪನಿಯಲ್ಲೂ ಯಾರೂ ಕೊನೆಯವರೆಗೆ ಆಡಿ ನೋಡಿದಂತಿರಲಿಲ್ಲ. ಅಂದು ಸಂಜೆಯೇ ತಿದ್ದಿ ಕಳಿಸಿದಳು. ವಾರದೊಳಗೆ ಎಲ್ಲರಿಗೂ ತಲುಪಿಸುತ್ತೇವೆ ಎಂದರು.

ಅಷ್ಟರಲ್ಲಿ ವಿಮರ್ಶೆ ಬಂತು. ಆಟಗಾರರೆಲ್ಲ ಓದುವ ಜಾಲತಾಣದಲ್ಲಿ ಒಬ್ಬ ವಿಮರ್ಶಕ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದ. ಮಿಕ್ಕ ಆಟಗಳು ಗೆಲುವಿನ ಆಸೆ ತೋರಿಸಿ ನಂಬಿಸುತ್ತವೆ, ಇದು ಮಾತ್ರ ಹೊರಗೆ ಬರುವ ದಾರಿಯೇ ಇಲ್ಲ ಎಂದು ಹೇಳುವ ಧೈರ್ಯ ಮಾಡಿದೆ ಎಂದು ಬರೆದಿದ್ದ. ಉಳಿದವರು ಬಣ್ಣ ಮಂಕು, ಜಿಗಿತ ಬಿರುಸು ಎಂದು ಗೊಣಗಿದರೂ ಆ ಕೊನೆಯನ್ನು ಹೊಗಳದವರಿರಲಿಲ್ಲ.

ಕಂಪನಿಯಿಂದ ಫೋನ್ ಬಂತು. ತಿದ್ದುಪಡಿ ಬೇಡ, ಅದು ತಪ್ಪೆಂದು ಎಲ್ಲಿಯೂ ಬಾಯಿಬಿಡಬೇಡಿ, ನಮ್ಮ ಒಪ್ಪಿಗೆಯಿಲ್ಲದೆ ಆಟದ ಬಗ್ಗೆ ಮಾತಾಡುವುದಿಲ್ಲವೆಂದು ಕರಾರಿಗೆ ಸಹಿ ಹಾಕಿದ್ದೀರಿ ಎಂದರು.

ಮುಂದಿನ ವಾರ ಪತ್ರಿಕೆಯವಳೊಬ್ಬಳು ಫೋನಿನಲ್ಲಿ ಮಾತಾಡಿಸಿದಳು. ದಾನೇಶ್ವರಿ ಗೋಕಾಕ ಬಸ್ ನಿಲ್ದಾಣದ ಕಂಬಕ್ಕೆ ಒರಗಿ ನಿಂತಿದ್ದಳು. ಅದೇ ಕರೆಯಲ್ಲಿ ಕಂಪನಿಯವನೊಬ್ಬನೂ ಸೇರಿಕೊಂಡು ಕೇಳುತ್ತಿದ್ದ. ಅವನ ಉಸಿರು ಅವಳ ಕಿವಿಗೆ ಬೀಳುತ್ತಿತ್ತು. ಹಳ್ಳಿಯ ಸೊಸೆ ನೀವು, ಆ ಬಾವಿ ನಿಮ್ಮ ಮನೆಯೇ ಅಲ್ಲವೇ ಎಂದು ಆಕೆ ಕೇಳಿದಳು. ಅಲ್ಲ ಎಂದರೆ ಆ ಕೊನೆ ಬರೀ ತಪ್ಪಿನಿಂದ ಆದದ್ದು ಎಂದು ಹೇಳಬೇಕಾಗುತ್ತಿತ್ತು. “ಇರಬಹುದು,” ಎಂದಳು ದಾನೇಶ್ವರಿ.

ಅಚ್ಚಿನಲ್ಲಿ ಆ ‘ಇರಬಹುದು’ ಇರಲಿಲ್ಲ. ‘ನನ್ನ ಮನೆಯೇ ಆ ಬಾವಿ’ ಎಂದು ದೊಡ್ಡ ಅಕ್ಷರದಲ್ಲಿ ಇತ್ತು. ಗಂಡ ಬಾಳೇಶ ಘಟಪ್ರಭಾದಲ್ಲಿ ಔಷಧದ ಅಂಗಡಿ ಇಟ್ಟಿದ್ದ. ಗಿರಾಕಿಯೊಬ್ಬ ತಂದು ತೋರಿಸಿದ ಆ ಪತ್ರಿಕೆಯನ್ನು ಮನೆಗೆ ತಂದು, ತಲೆ ಎತ್ತದೆ ತಾಯಿಗೆ ಓದಿ ಹೇಳಿದ.

ಬಾಳವ್ವ ಸಿಟ್ಟಾಗಲಿಲ್ಲ. “ನಮ್ಮನಿ ನಿನಗ ಬಾವಿ ಆಗೇತೇನವ್ವಾ?” ಎಂದಳು.

“ಇಲ್ರಿ ಅತ್ಯಾರ. ಮೆಟ್ಟಲಾ ಎತ್ತರ ಆಗಿತ್ತಲ್ಲ, ಅದು ನಂದ ತಪ್ಪು. ಅದನ್ನ ಹೇಳಾಕ ಬಿಡವಲ್ರು.”

“ಖರೆ ಇದ್ದದ್ದ ಹೇಳಾಕ ಯಾರ ಅಪ್ಪಣಿ ಬೇಕು?”

ಮರುದಿನ ಬೆಳಿಗ್ಗೆ ದಾನೇಶ್ವರಿ ಕರಾರು ಮುರಿದಳು. ಆ ಮೊದಲ ವಿಮರ್ಶಕನಿಗೇ ಎಲ್ಲವನ್ನೂ ಬರೆದಳು: ಮೆಟ್ಟಿಲಿನ ಅಳತೆ, ತಿದ್ದಿ ಕಳಿಸಿದ ದಿನ, ತನ್ನ ಅತ್ತೆ ಎಂಥವಳು ಎನ್ನುವುದನ್ನೂ. ಇದನ್ನು ದಯವಿಟ್ಟು ಪ್ರಕಟಿಸಿ ಎಂದು ಕೇಳಿಕೊಂಡಳು. ಕಳಿಸಿ ಗೋಕಾಕದ ಬಸ್ಸು ಹತ್ತಿದಳು. ಪಾಠ ಮಾಡುವಾಗ ಎರಡು ಸಲ ನಕ್ಕಳು.

ಬುಧವಾರ ಉತ್ತರ ಬಂತು. ಮಾಡಿದವರಿಗೇ ಕೆಲವೊಮ್ಮೆ ತಾವು ಮಾಡಿದ್ದು ತಿಳಿದಿರುವುದಿಲ್ಲ, ನನ್ನ ಅಭಿಪ್ರಾಯ ಬದಲಾಗದು ಎಂದು ಅವನು ಮರ್ಯಾದೆಯಿಂದಲೇ ಬರೆದಿದ್ದ. ಕೆಳಗೆ ಇನ್ನೊಂದು ಸಾಲಿತ್ತು: ‘ಈ ಪತ್ರ ಬರೆಯಲು ಮನೆಯವರು ನಿಮ್ಮ ಮೇಲೆ ಎಷ್ಟು ಒತ್ತಡ ಹಾಕಿರಬಹುದೆಂದು ಊಹಿಸಬಲ್ಲೆ. ಧೈರ್ಯವಾಗಿರಿ, ಇದನ್ನು ನಾನು ಯಾರಿಗೂ ತೋರಿಸುವುದಿಲ್ಲ.’

ಪಡಸಾಲೆಯಲ್ಲಿ ಕೂತಿದ್ದ ಬಾಳವ್ವ ಏನು ಬರೆದಿದ್ದಾನೆ ಎಂದು ಕೇಳಿದಳು. ದಾನೇಶ್ವರಿ ಇಂಗ್ಲಿಷಿನಿಂದ ಕನ್ನಡ ಮಾಡಿ ನಿಧಾನವಾಗಿ ಓದಿದಳು. ಮನೆಯವರ ಮಾತಿದ್ದ ಆ ಕೆಳಗಿನ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದಳು.

“ಅಷ್ಟೇನ?” ಎಂದಳು ಬಾಳವ್ವ.

“ಅಷ್ಟ್ರಿ.”