ಕಣ್ಣು ಕಳಕೊಂಡವರು

ಹನ್ನೊಂದು ವರ್ಷದಿಂದ ನಾನು ಕಣ್ಣಾಸ್ಪತ್ರೆಯಲ್ಲಿ ನರ್ಸು. ಪೊರೆ ತೆಗೆಯುವ ಮುಂಚೆ ದಿನಕ್ಕೆ ಇಪ್ಪತ್ತು ಜನರ ಕಣ್ಣಿಗೆ ಹನಿ ಹಾಕುತ್ತೇನೆ. ಆದರೇನು, ಹಿತ್ತಲ ಗಿಡ ಮದ್ದಲ್ಲ. ಗಡಿಯಾರದೊಳಗೆ ಕೂದಲೆಳೆಯಂಥ ಸ್ಪ್ರಿಂಗು ಕೂರಿಸುತ್ತಿದ್ದ ನನ್ನ ಅಪ್ಪನಿಗೆ ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ. ಆಪರೇಷನ್ ಮಾತ್ರ ಬೇಡವಂತೆ.

ಅಕ್ಷರ ಕಾಣದ್ದರಿಂದ ಅವರು ಫೋನನ್ನು ಬಾಯಿಬಿಟ್ಟೇ ಕೇಳುತ್ತಾರೆ: "ಪೊರೆ ಆಪರೇಷನ್ ಮಾಡಿಸಿ ಕಣ್ಣು ಕಳಕೊಂಡವರು." ಅದು ಒಬ್ಬೊಬ್ಬರ ಕಥೆಯನ್ನೂ ಓದಿ ಹೇಳುತ್ತದೆ.

"ಕೇಳಿಸ್ಕೊಂಡ್ಯಾ?" ಎಂದರು ಅಪ್ಪ.

"ಕಳಕೊಂಡವರನ್ನೇ ಕರೆದ್ರೆ ಅವರೇ ತಾನೇ ಬರೋದು? ಚೆನ್ನಾಗಾದವರನ್ನೂ ಒಂದ್ಸಲ ಕೇಳಿ ನೋಡಿ."

ಅವರು ಕೇಳಲಿಲ್ಲ. ನಾನೇ ಫೋನು ಕಸಿದುಕೊಂಡು ಕೇಳಿದೆ. ದೃಷ್ಟಿ ಮರಳಿದವರ ಕಥೆಗಳು ಒಂದರ ಹಿಂದೊಂದು ಬಂದವು.

ಅಪ್ಪ ನಕ್ಕುಬಿಟ್ಟರು. "ಅದೆಲ್ಲ ಆಸ್ಪತ್ರೆಯೋರು ಬರೆಸಿದ್ದು."

"ಹಾಗಾದ್ರೆ ನಾನೂ ಸುಳ್ಳು ಹೇಳ್ತೀನಾ?"

"ನೀನು ಅಲ್ಲಿ ಸಂಬಳ ತಗೋತೀಯಲ್ಲಮ್ಮ. ಪಾಪ, ಫೋನಿಗೇನು ಲಾಭ?"

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಅದರ ಬದಲು ಬ್ಯಾಗು ಹೆಗಲಿಗೇರಿಸಿ, ಬಾಗಿಲು ದಢಾರನೆ ಎಳೆದುಕೊಂಡು ಡ್ಯೂಟಿಗೆ ಹೊರಟೆ.

ಗೇಟಿನವರೆಗೆ ಹೋದಮೇಲೆ ಛತ್ರಿ ಮರೆತದ್ದು ನೆನಪಾಯಿತು. ವಾಪಸ್ಸು ಬಂದು ಸದ್ದಿಲ್ಲದೆ ಬಾಗಿಲು ತೆರೆದೆ. ಅಪ್ಪ ಕಿಟಕಿಯ ಬೆಳಕಲ್ಲಿ ಕೂತು ಫೋನಿಗೆ ಮತ್ತೆ ಅದೇ ಪ್ರಶ್ನೆ ಹಾಕುತ್ತಿದ್ದರು. ನಾಲ್ಕೇ ಹೆಜ್ಜೆ ದೂರದಲ್ಲಿ ನಿಂತಿದ್ದ ನನ್ನತ್ತ ತಿರುಗಿ ಕಣ್ಣು ಕಿರಿದು ಮಾಡಿದರು.

"ಯಾರ್ರೀ ಅದು? ನನ್ನ ಮಗಳನ್ನ ನೋಡೋಕೆ ಬಂದ್ರಾ? ಅವಳು ಈಗಷ್ಟೇ ಹೋದ್ಲು."